ಕಡಲಿಗೆ ಬೆನ್ನು ಹಾಕಿದ ಮನೆ

(ಉಡುಪಿಯಲ್ಲಿ ಓದುಗರ ಬಳಗವೊಂದರ ತಿಂಗಳ ಕೂಟದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ಅಲ್ವಾ? ಇಲ್ಲದಿದ್ದರೆ ಕೈ ಎತ್ತಿ, ಮೈಕಿಗೆ ಇನ್ನೂ ಹತ್ತಿರ ಬರುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಹಿತ್ಯದ ಮೇಷ್ಟ್ರಲ್ಲ. 34 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಯಾವ ಖಾತೆಯಿಂದ ಹೋಯಿತು, ಯಾವ ಖಾತೆಗೆ ಬಿತ್ತು ಎಂದು ನೋಡುವ ಚಾಳಿ ಕಾದಂಬರಿ ಓದುವಾಗಲೂ ಬಿಡುವುದಿಲ್ಲ. ಬಳಗದವರು ಫೋನ್ ಮಾಡಿ, "ನಿಮ್ಮ ಮೆಚ್ಚಿನ ಕಾದಂಬರಿಕಾರರ ವರ್ಣನೆಯ ಬಗ್ಗೆ ಮಾತಾಡಿ" ಎಂದರು. ಉಡುಪಿಯಲ್ಲಿ ಹೀಗೆ ಕೇಳಿದರೆ ಯಾವ ಹೆಸರು ಬರುತ್ತದೆ ಎಂದು ಅವರಿಗೂ ಗೊತ್ತಿತ್ತು. ಶಿವರಾಮ ಕಾರಂತರು. ಕೋಟದವರು, 1902ರ ಅಕ್ಟೋಬರ್ 10ರಂದು ಹುಟ್ಟಿದವರು, 47 ಕಾದಂಬರಿ ಬರೆದವರು. ಅಷ್ಟನ್ನೂ ನಾನು ಓದಿಲ್ಲ. ಇವತ್ತು ಮೂರರ ಬಗ್ಗೆ ಹೇಳುತ್ತೇನೆ. ಅದರಲ್ಲೂ ಒಂದರ ಬಗ್ಗೆ ಜಾಸ್ತಿ. ಅದು 1941ರ 'ಮರಳಿ ಮಣ್ಣಿಗೆ'.

ಈ ಪುಸ್ತಕವನ್ನು ನಾನು ಓದಿದ್ದು ನಮ್ಮೂರಲ್ಲಿ ಅಲ್ಲ, ಬಿಜಾಪುರದಲ್ಲಿ. ಆಗ ಅದಕ್ಕೆ ವಿಜಯಪುರ ಎಂಬ ಹೆಸರು ಬಂದಿರಲಿಲ್ಲ. ವರ್ಗವಾಗಿ ಹೋಗಿದ್ದೆ. ಮೇ ತಿಂಗಳು. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಫ್ಯಾನ್ ತಿರುಗಿದರೆ ಬಿಸಿಗಾಳಿ. ರೂಮಿನಲ್ಲಿ ನನ್ನ ಜೊತೆ ಅಲ್ಲಿನವರೇ ಒಬ್ಬ ಸಹೋದ್ಯೋಗಿ ಇದ್ದರು. ಅವರಿಗೂ ನಿದ್ದೆ ಬರುತ್ತಿರಲಿಲ್ಲ. "ಏನ್ ಓದಾಕತ್ತೀರಿ, ಸ್ವಲ್ಪ ಜೋರ್ ಓದ್ರಲಾ" ಎಂದರು. ನಾನು ಓದಿದೆ. ಮಳೆಗಾಲ, ಕೋಡಿಯ ಮನೆ, ಹೆಂಗಸರು ಗದ್ದೆ ಕೆಲಸಕ್ಕೆ ಇಳಿದಿದ್ದಾರೆ. ಸ್ವಲ್ಪ ಹೊತ್ತು ಕೇಳಿ ಅವರೊಂದು ಪ್ರಶ್ನೆ ಹಾಕಿದರು.

"ಅಲ್ರೀ, ಇಷ್ಟ್ ಮಳಿ ಹೊಡ್ಯಾಕತ್ತೈತಿ, ಆ ಹೆಣ್ಮಕ್ಳು ಮನ್ಯಾಗ ಸುಮ್ನ ಕುಂದ್ರೂದು ಬಿಟ್ಟು ಹೊರಗ್ಯಾಕ ಬಂದಾರ?"

ನನಗೆ ನಗು ಬಂತು. ಆಮೇಲೆ ಯೋಚನೆಯೂ ಬಂತು. ಬಿಜಾಪುರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ನಮ್ಮಲ್ಲಿ 4,000ದ ಹತ್ತಿರ. ಅವರಿಗೆ ಮಳೆ ಬಂದರೆ ಕೆಲಸ ನಿಲ್ಲುತ್ತದೆ. ನಮಗೆ ಮಳೆ ಬಂದರೇ ಕೆಲಸ ಶುರು. ಆ ಮನುಷ್ಯ ಕಡಲು ನೋಡಿದವರಲ್ಲ. ಆದರೆ ಅವರು ಕೇಳಿದ್ದು "ಕಡಲು ಎಷ್ಟು ದೊಡ್ಡದಿರತೈತಿ" ಎಂದಲ್ಲ, "ಆ ಹೆಂಗಸರು ಯಾಕೆ ನೆನೆಯುತ್ತಿದ್ದಾರೆ" ಎಂದು. ನಾನು ಓದಿದ ಆ ಎರಡು ಪುಟದಲ್ಲಿ ಅವರಿಗೆ ಕಣ್ಣಿಗೆ ಕಟ್ಟಿದ್ದು ಮಳೆಯಲ್ಲ, ಮಳೆಯಲ್ಲಿ ಬಗ್ಗಿದ ಬೆನ್ನು. ಕಾರಂತರ ವರ್ಣನೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನನಗೆ ಮೊದಲು ತೋರಿಸಿಕೊಟ್ಟವರು ಅವರೇ.

ವರ್ಣನೆ ಎಂದ ಕೂಡಲೇ ನಮಗೆ ಶಾಲೆಯ ಪ್ರಶ್ನೆಪತ್ರಿಕೆ ನೆನಪಾಗುತ್ತದೆ. 'ಕವಿ ಸೂರ್ಯೋದಯವನ್ನು ಹೇಗೆ ವರ್ಣಿಸಿದ್ದಾನೆ? ಐದು ಅಂಕ.' ಹಳೇ ಮಹಾಕಾವ್ಯಗಳಲ್ಲಿ ಅಷ್ಟಾದಶ ವರ್ಣನೆ ಅಂತಲೇ ಒಂದು ಪಟ್ಟಿ ಇತ್ತು. ಕಡಲು, ಬೆಟ್ಟ, ಊರು, ಋತು, ಚಂದ್ರ ಹುಟ್ಟುವುದು, ಸೂರ್ಯ ಹುಟ್ಟುವುದು, ಮದುವೆ, ಮಗ ಹುಟ್ಟಿದ್ದು, ಜಲಕ್ರೀಡೆ, ಹೀಗೆ 18. ಇಷ್ಟೂ ಇರಬೇಕು. ಕಾವ್ಯ ಬರೆಯುವುದೆಂದರೆ ಈ ಹದಿನೆಂಟು ಮೆಟ್ಟಿಲು ಹತ್ತುವುದು. ತಮಾಷೆ ನೋಡಿ, 'ಮರಳಿ ಮಣ್ಣಿಗೆ'ಯಲ್ಲೂ ಅದರಲ್ಲಿ ಅರ್ಧಕ್ಕರ್ಧ ಸಿಗುತ್ತದೆ. ಕಡಲಿದೆ, ಮಳೆಗಾಲ ಇದೆ, ಮದುವೆ ಇದೆ, ಎಷ್ಟೋ ವರ್ಷ ಕಾದ ಮೇಲೆ ಗಂಡುಮಗು ಹುಟ್ಟುವುದಿದೆ. ಜಲಕ್ರೀಡೆ ಮಾತ್ರ ಇಲ್ಲ. ಬೇಕೇ ಬೇಕು ಅಂದರೆ ನಟ್ಟಿಗದ್ದೆಯ ಕೆಸರು ನೀರು ಇದೆ.

ಕೋಡಿ ಅಂದರೆ ಏನು ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆದರೂ ಘಟ್ಟದ ಮೇಲಿನವರು ಒಂದಿಬ್ಬರು ಕಾಣುತ್ತಿದ್ದಾರೆ, ಅವರಿಗಾಗಿ ಹೇಳುತ್ತೇನೆ. ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಕಡಲು, ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ತೆಂಗಿನಮರ, ಒಂದಿಷ್ಟು ಗದ್ದೆ, ಮನೆಗಳು. ಹೊಳೆಯಲ್ಲೂ ಉಬ್ಬರ ಇಳಿತ. ಉಬ್ಬರಕ್ಕೆ ಉಪ್ಪುನೀರು ಒಳಗೆ ಬರುತ್ತದೆ. ಮಳೆ ಚೆನ್ನಾಗಿ ಹೊಡೆದು ಗದ್ದೆಯ ಉಪ್ಪು ತೊಳೆದು ಹೋದ ಮೇಲೆಯೇ ಅಗೆ ನೆಡಬೇಕು. ನಾನು ಹುಟ್ಟಿ ಬೆಳೆದದ್ದೂ ಅಂಥದ್ದೇ ಒಂದು ಪಟ್ಟಿಯಲ್ಲಿ.

ಅಂಥ ಊರಿನಲ್ಲಿ ಹಳೇ ಮನೆಗಳು ಎತ್ತ ಮುಖ ಮಾಡಿರುತ್ತವೆ ಎಂದು ಗಮನಿಸಿದ್ದೀರಾ? ಸಾಮಾನ್ಯವಾಗಿ ಪೂರ್ವಕ್ಕೆ. ತುಳಸಿಕಟ್ಟೆ, ಅಂಗಳ, ಚಾವಡಿ ಎಲ್ಲ ಹೊಳೆಯ ಕಡೆಗೆ. ನೆಂಟರು ಬರುವುದು ಹೊಳೆಯಿಂದ, ಪೇಟೆಗೆ ಹೋಗುವುದು ಹೊಳೆ ದಾಟಿ, ಹೆಣ್ಣು ಕೊಡುವುದು ತರುವುದು ದೋಣಿಯಲ್ಲಿ. ಕಡಲು ಇರುವುದು ಹಿತ್ತಿಲ ಕಡೆ. ಬಚ್ಚಲಿನ ಆಚೆ. ಇವತ್ತು ಕಡಲಿಗೆ ಮುಖ ಮಾಡಿದ ರೂಮಿಗೆ ಜಾಸ್ತಿ ಬಾಡಿಗೆ. ಆಗ ಕಡಲಿಗೆ ಮನೆಯವರು ಬೆನ್ನು ಹಾಕಿ ಕೂತಿದ್ದರು. ಮೀನು ಹಿಡಿಯುವವರ ಮಾತು ಬೇರೆ. ಕಾರಂತರು ಬರೆದದ್ದು ಪೌರೋಹಿತ್ಯ, ಬೇಸಾಯ ಮಾಡುವ ಬ್ರಾಹ್ಮಣ ಮನೆಯ ಕಥೆ. ಆ ಮನೆಗೆ ಕಡಲು ಅಂದರೆ ಏನು? ರಾತ್ರಿಯಿಡೀ ಕೇಳುವ ಮೊರೆತ. ಮಾಡಿನ ಹುಲ್ಲು ಹಾರಿಸುವ ಗಾಳಿ. ಉಪ್ಪು ಹಿಡಿಯುವ ಮಣ್ಣು. ಕಾಲಿಗೆ ಅಂಟಿಕೊಂಡು ಒಳಗೆ ಬರುವ ಹೊಯಿಗೆ.

ಪ್ರವಾಸಿ ಕಡಲನ್ನು ನೋಡುತ್ತಾನೆ. ಅಲ್ಲಿ ಬದುಕುವವರು ಅದರ ಜೊತೆ ಏಗುತ್ತಾರೆ. ಕಾರಂತರ ಬರವಣಿಗೆ ಈ ಏಗುವವರ ಕಡೆಯಿಂದ ಬಂದದ್ದು. ಅವರು ಒಂದು ಮರದ ಬಗ್ಗೆ ಹೇಳಿದರೆ, ಅದರ ಸೊಪ್ಪು ಯಾರು ತರುತ್ತಾರೆ ಎಂಬುದು ಹಿಂದೆಯೇ ಬರುತ್ತದೆ. ಗದ್ದೆಯ ಬಗ್ಗೆ ಹೇಳಿದರೆ ಗೊಬ್ಬರ ಯಾರ ತಲೆಯ ಮೇಲೆ ಬಂತು ಎಂಬುದು ಬರುತ್ತದೆ. ನಾನು ಆಗಲೇ ಹೇಳಿದೆನಲ್ಲ, ಖಾತೆ ನೋಡುವ ಚಾಳಿ. ಕಾರಂತರಿಗೂ ಅದಿತ್ತು ಅಂತ ನನ್ನ ಗುಮಾನಿ.

ಇನ್ನೊಂದು ಸಣ್ಣ ವಿಷಯ. ಇದು ವರ್ಣನೆಯ ಲೆಕ್ಕಕ್ಕೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೆಸರುಗಳು. ಈ ಕಾದಂಬರಿಯ ಮನೆಯಲ್ಲಿ ರಾಮ ಐತಾಳರಿದ್ದಾರೆ. ಅವರ ಹೆಂಡತಿ ಪಾರ್ವತಿ ಅಲ್ಲ, ಪಾರೋತಿ. ವಿಧವೆ ತಂಗಿ ಸರಸ್ವತಿ ಅಲ್ಲ, ಸರಸೋತಿ. ಪಕ್ಕದ ಮನೆಯವರು ಶ್ರೀನಿವಾಸ ಮಯ್ಯರಲ್ಲ, ಶೀನ ಮಯ್ಯರು. ಲಕ್ಷ್ಮೀನಾರಾಯಣ ಎಂದು ಹೆಸರಿಟ್ಟ ಮಗ ಲಚ್ಚ. ದೇವರ ಹೆಸರು ಪಂಚಾಂಗದಲ್ಲಿ ಒಂದು ಥರ ಇರುತ್ತದೆ, ಬಾವಿಕಟ್ಟೆಯಿಂದ ಕೂಗುವಾಗ ಇನ್ನೊಂದು ಥರ. ಪಾರೋತಿ ಎಂಬ ಮೂರಕ್ಷರ ಓದಿದ ಕೂಡಲೇ ನಾವು ಅಡುಗೆಮನೆಯ ಒಳಗಿರುತ್ತೇವೆ. ಅವಳು ಹೇಗಿದ್ದಳು, ಕಣ್ಣು ಹೇಗಿತ್ತು, ಮೂಗು ಹೇಗಿತ್ತು, ಯಾವುದೂ ಬೇಕಾಗುವುದಿಲ್ಲ. ಬೇಕಿದ್ದರೆ ಇವತ್ತು ಮನೆಗೆ ಹೋಗಿ 'ಪಾರ್ವತಿ' ಎಂದು ಓದಿ ನೋಡಿ. ಬೇರೆ ಯಾರೋ ಬಂದ ಹಾಗೆ ಆಗುತ್ತದೆ.

ಈಗ ನನ್ನ ಅಮ್ಮನ ವಿಷಯ. ಇದನ್ನು ಹೇಳದೆ ನನಗೆ ಈ ಕಾದಂಬರಿಯ ಬಗ್ಗೆ ಮಾತಾಡಲಿಕ್ಕೆ ಬರುವುದಿಲ್ಲ.

ಅಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ವಾರಪತ್ರಿಕೆ ಓದುತ್ತಿದ್ದರು, ಧಾರಾವಾಹಿ ಓದುತ್ತಿದ್ದರು. ದಪ್ಪ ಪುಸ್ತಕ ಮುಟ್ಟಿದವರಲ್ಲ. ನಾನು ಬಿಜಾಪುರದಿಂದ ಈ ಕಡೆ ವರ್ಗವಾಗಿ ಬಂದ ವರ್ಷ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಜೂನ್ ತಿಂಗಳು. ಓದುವ ಹಾಗಿಲ್ಲ, ಒಲೆಯ ಮುಂದೆ ಹೋಗುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ಸುಮ್ಮನೆ ಕೂತು ಗೊತ್ತಿಲ್ಲದ ಜೀವ. ಸಾಯಂಕಾಲ ನಾನು ಬ್ಯಾಂಕಿನಿಂದ ಬಂದ ಮೇಲೆ ಒಂದು ಗಂಟೆ ಓದಿ ಹೇಳುತ್ತೇನೆ ಎಂದೆ. 'ಮರಳಿ ಮಣ್ಣಿಗೆ' ಹಿಡಿದೆ.

ಮೊದಲ ದಿನ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. "ಇದ್ರಲ್ಲಿ ಎಂತ ಇತ್ತ್? ನಮ್ಮನಿ ಕತಿಯೇ ಅಲ್ದಾ?" ಎಂದರು. ನಮ್ಮ ಮನೆಯ ಕಥೆಯನ್ನು ದುಡ್ಡು ಕೊಟ್ಟು ಓದುವುದು ಅವರಿಗೆ ಪೆದ್ದುತನವಾಗಿ ಕಂಡಿತು. ಎರಡು ಮೂರು ದಿನ ಕಳೆಯಿತು. ಪಾರೋತಿ ಮತ್ತು ಸರಸೋತಿ ಇಬ್ಬರೇ ಆ ಮನೆಯ ಬೇಸಾಯವನ್ನು ಎಳೆಯುವ ಭಾಗ ಬಂತು. ಐತಾಳರು ಪೌರೋಹಿತ್ಯಕ್ಕೆ ಊರೂರು ತಿರುಗುತ್ತಾರೆ. ಮನೆ, ಹಟ್ಟಿ, ಗದ್ದೆ, ತೋಟ ಎಲ್ಲ ಈ ಇಬ್ಬರು ಹೆಂಗಸರ ಮೇಲೆ. ಒಬ್ಬಳಿಗೆ ಮಕ್ಕಳಿಲ್ಲ, ಇನ್ನೊಬ್ಬಳಿಗೆ ಗಂಡನೇ ಇಲ್ಲ. ಮಕ್ಕಳಿಲ್ಲ ಎಂದು ಐತಾಳರು ಸತ್ಯಭಾಮೆಯನ್ನು ಎರಡನೇ ಮದುವೆಯಾಗುತ್ತಾರೆ. ಪಾರೋತಿ ಬಾಯಿ ಬಿಟ್ಟು ಹೆಚ್ಚು ಅಳುವವಳಲ್ಲ. ಕೆಲಸ ಮಾಡುತ್ತಾಳೆ. ಅವಳ ದುಃಖ ನಮಗೆ ಗೊತ್ತಾಗುವುದು ಅವಳು ಎಷ್ಟು ಕೆಲಸ ಮಾಡುತ್ತಾಳೆ ಎಂಬುದರಿಂದ.

ಅಮ್ಮ ಆ ಹೊತ್ತಿಗೆ ಮಾತು ನಿಲ್ಲಿಸಿದ್ದರು. ಕಣ್ಣಿಗೆ ಕಪ್ಪು ಕನ್ನಡಕ. ಕೈ ಎರಡೂ ಮಡಿಲಲ್ಲಿ. ಎಡಗೈಯ ಹೆಬ್ಬೆರಳಿನಿಂದ ಬಲಗೈಯ ಅಂಗೈಯನ್ನು ತಿಕ್ಕುತ್ತಾ ಕೂತಿದ್ದರು. ಆ ಅಂಗೈ ನನಗೆ ಇವತ್ತಿಗೂ ಕಾಣುತ್ತದೆ. ಕತ್ತಿ ಹಿಡಿದು ಹಿಡಿದು ತೋರುಬೆರಳಿನ ಬುಡದಲ್ಲಿ ದಡ್ಡು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಗೆರೆ. ಆಪರೇಷನ್ ಆಗಿ ಹತ್ತು ದಿನ ನೀರು ಸೋಕದೆ ಇದ್ದದ್ದಕ್ಕೋ ಏನೋ, ಬೆರಳ ತುದಿಯ ಚರ್ಮ ಸಿಪ್ಪೆ ಏಳುತ್ತಿತ್ತು. ಕೆಲಸ ಬಿಟ್ಟ ಕೈ.

"ಬರದವ್ರ್ ಹೆಡಿಗಿ ಹೊತ್ತಿದ್ರಾ?" ಎಂದು ಕೇಳಿದರು.

ಇಲ್ಲ, ಅವರು ಯಾಕೆ ಬುಟ್ಟಿ ಹೊರುತ್ತಾರೆ, ಗಂಡಸು, ಓದಿದವರು ಎಂದೆ.

"ಹಂಗಾರೆ ಕಂಡಿರ್" ಎಂದರು. ಸ್ವಲ್ಪ ಬಿಟ್ಟು, "ನಮ್ಮನಿ ಗಂಡಸ್ರ್ ಯಾರೂ ಕಂಡದ್ದಿಲ್ಲ" ಎಂದರು.

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ನನಗೆ ಹೇಳಿದ್ದೂ ಅಲ್ಲ. ಆದರೆ ಆ ಮನೆಯ ಗಂಡಸರಲ್ಲಿ ನಾನೂ ಒಬ್ಬ ಅಲ್ವಾ? ಶಾಲೆಯಿಂದ ಬಂದ ಕೂಡಲೇ ಬಿಸಿ ಗಂಜಿ ಸಿಗುತ್ತಿತ್ತು, ಜೊತೆಗೆ ಮಿಡಿ ಉಪ್ಪಿನಕಾಯಿ. ಆ ಗಂಜಿಗೆ ಸೌದೆ ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಿದವನಲ್ಲ. ಆ ರಾತ್ರಿ ಅಮ್ಮ ತಾವಾಗಿಯೇ ಹೇಳಿದರು. ನೆರೆ ಬಂದಾಗ ಹೊಳೆಯಲ್ಲಿ ಘಟ್ಟದ ಕಡೆಯಿಂದ ಮರದ ಕೊರಡು, ಕೊಂಬೆ ತೇಲಿ ಬರುತ್ತಿದ್ದವಂತೆ. ಅಜ್ಜಿ ಮತ್ತು ಅಮ್ಮ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು, ಸೊಂಟದವರೆಗೆ ನೀರಿಗಿಳಿದು, ಕೊಕ್ಕೆಯಿಂದ ಎಳೆದು ದಡಕ್ಕೆ ಹಾಕುತ್ತಿದ್ದರಂತೆ. ಒಣಗಿಸಿ ಇಟ್ಟರೆ ಮುಂದಿನ ಮಳೆಗಾಲಕ್ಕೆ. ನನಗೆ ಆಗ ನಲವತ್ತು ವರ್ಷ. ಆ ಮನೆಯಲ್ಲೇ ಬೆಳೆದವನು. ಮೊದಲ ಸಲ ಕೇಳಿದ್ದು.

ಹಾಗಾಗಿ ಕಾರಂತರ ವರ್ಣನೆ ಜೀವಂತವಾಗಿದೆ, ಕಣ್ಣಿಗೆ ಕಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಆ ಮಾತು ಸಾಕಾಗುವುದಿಲ್ಲ. ಕಣ್ಣಿಗೆ ಕಟ್ಟುವ ಹಾಗೆ ಬರೆಯುವವರು ಬಹಳ ಜನ ಇದ್ದಾರೆ. ಕಣ್ಣೆದುರೇ ಇದ್ದು ಕಾಣದೇ ಹೋದದ್ದನ್ನು ಕಾಣಿಸುವವರು ಕಡಿಮೆ. ಅದೂ 1941ರಲ್ಲಿ, ಕೋಟದ ಒಬ್ಬ ಗಂಡಸು.

ಈಗ ಕಡಲಿಗೆ ವಾಪಸ್ ಬರೋಣ. ಈ ಕಾದಂಬರಿ ಮೂರು ತಲೆಮಾರಿನದು. ಐತಾಳರ ಕಾಲ, ಮಗ ಲಚ್ಚನ ಕಾಲ, ಮೊಮ್ಮಗ ರಾಮನ ಕಾಲ. ಎರಡನೇ ಸಲ ಓದುವಾಗ ನನಗೊಂದು ವಿಷಯ ಹೊಳೆಯಿತು. ಇದು ನನ್ನ ಓದು, ವಿದ್ವಾಂಸರು ಒಪ್ಪಬೇಕೆಂದಿಲ್ಲ. ಕಡಲು ಅದೇ. ಆದರೆ ಮೂರು ತಲೆಮಾರಿಗೆ ಅದು ಮೂರು ಥರ. ಐತಾಳರ ಕಾಲದವರಿಗೆ ಅದು ಕೆಲಸದ ಹಿಂದಿನ ಸದ್ದು. ಲಚ್ಚ ಓದಲಿಕ್ಕೆ ಅಂತ ಪೇಟೆಗೆ ಹೋಗುತ್ತಾನೆ, ಇಸ್ಪೀಟು, ಹೆಣ್ಣು ಎಂದು ಹಾಳಾಗುತ್ತಾನೆ, ಆಸ್ತಿ ಕರಗಿಸುತ್ತಾನೆ. ಅವನಿಗೆ ಕಡಲೂ ಬೇಡ, ಮಣ್ಣೂ ಬೇಡ. ಅವನ ಹೆಂಡತಿ ನಾಗವೇಣಿ. ಪಿಟೀಲು ಕಲಿತವಳು. ಆ ಪಿಟೀಲಿನಿಂದಲೇ ನನಗೆ ಆ ಮನೆಯೊಳಗೆ ಬೇರೆ ಒಂದು ಸದ್ದು ಬಂದ ಹಾಗಾಗುತ್ತದೆ. ಅವಳ ಮಗ ರಾಮ ಮದರಾಸಿಗೆ ಹೋಗಿ ಓದುತ್ತಾನೆ. ಸಂಗೀತ, ಚಿತ್ರ ಎರಡರ ಹುಚ್ಚೂ ಇರುವವನು. ಅವನು ಕಡಲ ದಂಡೆಯಲ್ಲಿ ನಿಂತಾಗ ಆ ಕಡಲಿಗೆ ಬಣ್ಣ ಬರುತ್ತದೆ, ರಾಗ ಬರುತ್ತದೆ. ಅಜ್ಜಿಯಂದಿರ ಕಾಲದಲ್ಲಿ ಅದಕ್ಕೆಲ್ಲ ಪುರುಸೊತ್ತು ಎಲ್ಲಿತ್ತು?

ಕಡಲನ್ನು ಸುಮ್ನೆ ನಿಂತು ನೋಡಲು ಆ ಮನೆಗೆ ಮೂರು ತಲೆ ಬೇಕಾಯಿತು. ಕಾರಂತರು ಇದನ್ನು ಎಲ್ಲೂ ಹೀಗೆ ಎಂದು ಹೇಳಿದ್ದು ನನಗೆ ಸಿಕ್ಕಿಲ್ಲ. ಆದರೆ ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದರ ಮೇಲೆ ಅವರ ಕಡಲು ಬದಲಾಗುತ್ತಾ ಹೋಗುತ್ತದೆ. ಹಾಗೆ ಬರೆಯಲು ತಾಳ್ಮೆ ಬೇಕು. ಮೊದಲ ಪುಟದಲ್ಲೇ ಸೂರ್ಯಾಸ್ತ ಖರ್ಚು ಮಾಡಿಬಿಡುವ ಆಸೆ ಎಲ್ಲರಿಗೂ ಇರುತ್ತದೆ.

ಬರೀ ಹೊಗಳಿದರೆ ಲೆಕ್ಕ ಸರಿ ಹೋಗುವುದಿಲ್ಲ. ಖರ್ಚಿನ ಕಡೆಯೂ ಬರೆಯಬೇಕು. ಈ ಕಾದಂಬರಿಯಲ್ಲಿ ರಾಮ ಮದರಾಸು, ಮುಂಬಯಿ ಅಂತ ಸುತ್ತುವ ಪುಟಗಳಲ್ಲಿ ನನಗೆ ಪ್ರತಿ ಸಲವೂ ಆಕಳಿಕೆ ಬರುತ್ತದೆ. ಅಲ್ಲಿ ಹಸಿವಿದೆ, ಕಷ್ಟ ಇದೆ, ಆದರೆ ಕೋಡಿಯ ಒಂದು ಹಟ್ಟಿಯಷ್ಟು ಸ್ಪಷ್ಟವಾಗಿ ಆ ದೊಡ್ಡ ಊರು ಕಾಣುವುದಿಲ್ಲ. ಮಾತು ಜಾಸ್ತಿ, ವಸ್ತು ಕಡಿಮೆ. ಕಾರಂತರು ವಾಕ್ಯವನ್ನು ತಿದ್ದಿ ತೀಡಿ ಹೊಳಪು ಕೊಡುವವರೂ ಅಲ್ಲ. ಕೆಲವು ಕಡೆ ಗದ್ಯ ಒರಟು. ಹೇಳಿದ್ದನ್ನೇ ಇನ್ನೊಂದು ಸಲ ಹೇಳುತ್ತಾರೆ. ಘಟ್ಟದ ಮೇಲಿನ ಕುವೆಂಪು ಅವರನ್ನು ಪಕ್ಕದಲ್ಲಿಟ್ಟರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕುವೆಂಪು ಕಾಡಿನ ಮುಂದೆ ಕೈ ಮುಗಿದು ನಿಲ್ಲುತ್ತಾರೆ, ಆ ಭಕ್ತಿಯಲ್ಲಿ ವಾಕ್ಯವೇ ಎತ್ತರಕ್ಕೆ ಏರುತ್ತದೆ. ಕಾರಂತರು ಕಾಡಿನೊಳಗೆ ಪಂಚೆ ಎತ್ತಿಕಟ್ಟಿ ನಡೆಯುತ್ತಾರೆ. ಯಾರು ಹೆಚ್ಚು ಎಂದು ಕೇಳಬೇಡಿ. ಆ ಜಗಳಕ್ಕೆ ಬೇರೆ ತಿಂಗಳು ಇಟ್ಟುಕೊಳ್ಳಿ, ನಾನು ಕೇಳಲಿಕ್ಕೆ ಬರುತ್ತೇನೆ.

ಕಾಡು ಅಂದದ್ದಕ್ಕೆ 'ಬೆಟ್ಟದ ಜೀವ'. 1943ರದು. ಕಡಲಿಲ್ಲ, ಸುಬ್ರಹ್ಮಣ್ಯದ ಕಡೆಯ ಕಾಡು. ಒಬ್ಬ ಮನುಷ್ಯ ದಾರಿ ತಪ್ಪುತ್ತಾನೆ. ಕತ್ತಲಾಗುತ್ತದೆ. ದೇರಣ್ಣ ಮತ್ತು ಬಟ್ಯ ಎಂಬ ಇಬ್ಬರು ಹಳ್ಳಿಯವರು ಸಿಗುತ್ತಾರೆ, ಅವನನ್ನು ಕೆಳಬೈಲಿನ ಗೋಪಾಲಯ್ಯರ ಮನೆಗೆ ತಲುಪಿಸುತ್ತಾರೆ. ನೋಡಿ, ಕಾದಂಬರಿ ಬೆಟ್ಟದ ಹೆಸರಿನದು, ಆದರೆ ನಾವು ಒಳಗೆ ಹೋಗುವುದು ಕತ್ತಲಲ್ಲಿ. ಕಣ್ಣಿಗೆ ಏನೂ ಇಲ್ಲ. ಕಾಲಿಗೆ ಏರು, ಇಳಿತ. ಕಿವಿಗೆ ನೀರಿನ ಸದ್ದು. ಹೊಟ್ಟೆಗೆ ಹಸಿವು. ದಣಿದವನಿಗೆ ಬಿಸಿನೀರಿನ ಸ್ನಾನ, ಊಟ, ಹಾಸಿಗೆ. ಅಲ್ಲಿಯವರೆಗೆ ಬೆಟ್ಟ ಕಾಯುತ್ತಾ ಇರುತ್ತದೆ. ಬೆಳಗಾಗಲಿ, ಆಮೇಲೆ ನೋಡಿದರಾಯಿತು.

ನಾನು ಕುಮಾರಪರ್ವತ ಹತ್ತಿದ್ದೇನೆ, ಮೊಣಕಾಲು ಸರಿ ಇದ್ದ ಕಾಲದಲ್ಲಿ. 1,712 ಮೀಟರ್. ಹತ್ತುವಾಗ ಎಲ್ಲರೂ ಮೇಲೆ ನೋಡುತ್ತಾರೆ. ಗೋಪಾಲಯ್ಯ ನೋಡುವುದು ಕೆಳಗೆ. ತಾನು ಕಾಡು ಕಡಿದು ಮಾಡಿದ ತೋಟ, ಹಟ್ಟಿಯ ದನ, ದನಕ್ಕೆ ಹೊಂಚುವ ಹುಲಿ. ಆನೆ ಬಂದ ಕಥೆಯನ್ನು ಅವರು ಪಕ್ಕದ ಮನೆಯವರ ಜೊತೆ ಬೇಲಿ ಜಗಳ ಆದ ಹಾಗೆ ಹೇಳುತ್ತಾರೆ. ಇದರಿಂದ ಆ ಕಾಡು ನನಗೆ ದೊಡ್ಡದಾಗಿ ಕಾಣುತ್ತದೆ. ಲೇಖಕರೇ ಬಂದು 'ಘೋರಾರಣ್ಯ' ಎಂದು ಹೇಳಿದ್ದರೆ ಅಷ್ಟು ಕಾಣುತ್ತಿರಲಿಲ್ಲ.

ಆ ಮನೆಯಲ್ಲಿ ಇನ್ನೊಂದು ವರ್ಣನೆ ಇದೆ. ಇಲ್ಲದ ಮಗನದು. ಗೋಪಾಲಯ್ಯ ಮತ್ತು ಶಂಕರಮ್ಮನ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಅವನ ಸುದ್ದಿ ಆ ಮುದುಕ ಮುದುಕಿ ನೇರವಾಗಿ ಎತ್ತುವುದು ಕಡಿಮೆ. ಬಂದ ಅತಿಥಿಯನ್ನು ಬಿಡುವುದಿಲ್ಲ, ಅಷ್ಟೇ. ಇನ್ನೊಂದು ದಿನ ಇರಿ, ಇನ್ನೊಂದು ತುತ್ತು ಉಣ್ಣಿ. ಹೋಗುತ್ತೇನೆ ಎಂದರೆ ಮುಖ ಸಣ್ಣದಾಗುತ್ತದೆ. ಆ ಉಪಚಾರ ಅಳತೆ ಮೀರಿದಾಗ ನಮಗೆ ತಟ್ಟನೆ ಗೊತ್ತಾಗುತ್ತದೆ, ಈ ಎಲೆ ಯಾರಿಗೆ ಹಾಕಿದ್ದು ಎಂದು. ನಮ್ಮ ಊರಿನಲ್ಲಿ ಈಗ ಇಂಥ ಮನೆಗಳು ಎಷ್ಟಿವೆ ಎಂದು ನಾನು ಹೇಳಬೇಕಾಗಿಲ್ಲ. ಮಕ್ಕಳು ಬೆಂಗಳೂರು, ದುಬೈ. ಹೋದರೆ ಸಾಕು, ಕಾಫಿ ಆದ ಮೇಲೆ ಎಳನೀರು, ಎಳನೀರಿನ ಮೇಲೆ ಊಟ.

'ಚೋಮನ ದುಡಿ'ಯ ಬಗ್ಗೆ ಒಂದೇ ಮಾತು. 1933ರದು, ಈ ಮೂರರಲ್ಲಿ ಮೊದಲನೆಯದು, ಎಲ್ಲಕ್ಕಿಂತ ಸಣ್ಣದು. ಕಾರಂತರು ಯಕ್ಷಗಾನದ ಹುಚ್ಚಿನವರು, 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳೇ ಕಾಲದ ಆಟ ನೆನಪು ಮಾಡಿಕೊಳ್ಳಿ. ಪರದೆ ಚಿತ್ರ ಇಲ್ಲ, ಕಾಡು ಇಲ್ಲ, ಅರಮನೆ ಇಲ್ಲ. ಎರಡು ದೊಂದಿ, ಸುತ್ತ ಕತ್ತಲು. ಚೆಂಡೆ ಬಡಿದರೆ ಯುದ್ಧ. 'ಚೋಮನ ದುಡಿ' ಓದುವಾಗ ನನಗೆ ಅದೇ ಅನಿಸುತ್ತದೆ. ಚೋಮನ ಗುಡಿಸಲಿನಲ್ಲಿ ವರ್ಣಿಸಲಿಕ್ಕೆ ಇರುವುದಾದರೂ ಏನು? ಎರಡು ಎತ್ತು ಇದೆ, ಉಳಲು ಗದ್ದೆ ಇಲ್ಲ. ಹೊಲೆಯನಾಗಿ ಹುಟ್ಟಿದವನಿಗೆ ಬೇಸಾಯ ಮಾಡುವ ಹಕ್ಕೇ ಇಲ್ಲ ಎನ್ನುವ ಊರು. ಅವನ ಸಿಟ್ಟು, ಅವನ ಆಸೆ, ಮಕ್ಕಳು ಸತ್ತ ಸಂಕಟ, ಕುಡಿದ ಮತ್ತು, ಎಲ್ಲವೂ ಅವನು ಬಾರಿಸುವ ಅದೇ ಒಂದು ದುಡಿಯಲ್ಲಿ. ಆ ಬಡಿತ ಕೇಳುತ್ತಾ ಕೇಳುತ್ತಾ ಕತ್ತಲಲ್ಲಿ ಕೂತ ಒಬ್ಬ ಮನುಷ್ಯ ಪೂರ್ತಿ ಕಾಣುತ್ತಾನೆ. ಅವನ ಮುಖ ಹೇಗಿತ್ತು ಎಂದು ಕೇಳಿದರೆ ನನಗೆ ಸಿನಿಮಾದಲ್ಲಿ ಚೋಮನಾದ ವಾಸುದೇವರಾಯರೇ ನೆನಪಾಗುತ್ತಾರೆ. ದುಡಿಯ ಸದ್ದು ಮಾತ್ರ ಪುಸ್ತಕದ್ದೇ.

ಸಮಯ ಆಯಿತು ಎಂದು ಚೀಟಿ ಬಂದಿದೆ. ಅಮ್ಮನ ಓದನ್ನು ಅರ್ಧಕ್ಕೆ ಬಿಟ್ಟೆ, ಅದನ್ನು ಹೇಳಿ ಮುಗಿಸುತ್ತೇನೆ.

ಓದು ಸುಮಾರು ಒಂದು ತಿಂಗಳು ನಡೆಯಿತು. ಐತಾಳರು ಸತ್ತಾಗ ಅಮ್ಮ ಏನೂ ಹೇಳಲಿಲ್ಲ. ಪಾರೋತಿ ಸತ್ತಾಗ ಆ ದಿನದ ಓದು ಸಾಕು ಎಂದರು. ಲಚ್ಚನಿಗೆ ಬೈದರು, ಎದುರಿಗೆ ಕೂತವನಿಗೆ ಬೈದ ಹಾಗೆ. ನಾಗವೇಣಿಯ ಕಷ್ಟಕ್ಕೆ "ಅಯ್ಯೋ ಹೆಣ್ಣೇ" ಎಂದರು. ಕೊನೆಗೆ ಮೊಮ್ಮಗ ರಾಮನ ಭಾಗಕ್ಕೆ ಬಂದೆವು. ಅವನ ಮೇಲೆ ಅಮ್ಮನಿಗೆ ಅಷ್ಟೇನೂ ಅಭಿಮಾನ ಇರಲಿಲ್ಲ. ನಾನು ದಂಡೆಯ ಭಾಗ ಬಂದಾಗ ಸ್ವಲ್ಪ ರಾಗವಾಗಿಯೇ ಓದುತ್ತಿದ್ದೆ, ಎಲ್ಲಿ ಬಂದರೂ ನನಗೆ ಅದು ಇಷ್ಟ.

"ಕಡಲ್ ಕಂಡ್ಕಂಡ್ ಕೂತ್ರೆ ಹೊಟ್ಟಿ ತುಂಬತ್ತಾ?" ಎಂದರು.

ನಾನು ನಕ್ಕು ಮುಂದೆ ಓದಿದೆ. ಹೊರಗೆ ಮಳೆ ಜೋರಾಗಿತ್ತು. ಕರೆಂಟ್ ಹೋಗಿ, ಎಮರ್ಜೆನ್ಸಿ ಲೈಟಿನಲ್ಲಿ ಓದುತ್ತಿದ್ದೆ. ನಾನು ಪುಟದಲ್ಲಿ ಎಷ್ಟು ಮುಳುಗಿದ್ದೆನೆಂದರೆ ಗಾಳಿ ತಿರುಗಿದ್ದು ನನಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಗೊತ್ತಾಯಿತು. ಕಪ್ಪು ಕನ್ನಡಕದ ಮುಖವನ್ನು ಹಿತ್ತಿಲ ಕಡೆ ತಿರುಗಿಸಿ ಒಂದು ಕ್ಷಣ ಕಿವಿಗೊಟ್ಟರು.

"ಪುಸ್ತಕ ಇಡ್," ಎಂದರು. "ಹೋಯಿ ಪಡು ಬದಿ ಬಾಗಿಲ್ ಹಾಕಿ ಬಾ."